ಅಂಗಳದಲ್ಲಿ ಕಟ್ಟಿದ ಹೈಬ್ರಿಡ್ ಕಾರು

ಅಪ್ಪಯ್ಯ ತೀರಿಕೊಂಡ ಮೇಲೆ ಪಾಲಿನ ಮಾತು ಬಂದಾಗ ನಾನು ಕೇಳಿದ್ದು ಅವನು ಓಡಿಸುತ್ತಿದ್ದ ಕಾರನ್ನು ಮಾತ್ರ. ಶಿರಸಿ, ಸಿದ್ದಾಪುರ, ಯಲ್ಲಾಪುರದ ನಡುವೆ ಬಾಡಿಗೆಗೆ ಓಡಿ ಓಡಿ ಬಣ್ಣಗೆಟ್ಟ ಹಳೆಯ ಪೆಟ್ರೋಲ್ ಕಾರು ಅದು. ಗೇರಿನ ಕೋಲು ಸ್ಟೇರಿಂಗಿನ ಎಡಪಕ್ಕಕ್ಕೇ ಇತ್ತು. ಅಪ್ಪಯ್ಯನ ಕಣ್ಣು ಮಂಜಾದ ಮೇಲೆ ಸಿದ್ದಾಪುರದ ನಮ್ಮ ಮನೆಯ ಪಕ್ಕ, ತಗಡಿನ ಶೆಡ್ಡಿನಲ್ಲಿ ನಿಂತುಬಿಟ್ಟಿತ್ತು.

ಅಣ್ಣ ನಕ್ಕ. ಅವನಿಗೆ ಯಲ್ಲಾಪುರದಲ್ಲಿ ಪೈಪು, ನಲ್ಲಿ, ಮೊಳೆ ಮಾರುವ ಅಂಗಡಿ. ಕಾರನ್ನು ಗುಜರಿಗೆ ಹಾಕುವುದೆಂದು ಅವನು ಆಗಲೇ ಯಾರಿಗೋ ಮಾತು ಕೊಟ್ಟಾಗಿತ್ತು.

“ತಂಗಿ, ನಿಂಗೆ ಕಾರೆಂತಕ್ಕೆ? ಕ್ಲಚ್ ಒತ್ತಲೆ ಎಡಗಾಲು ಬೇಕು, ಗೊತ್ತಿದ್ದಾ?”

“ಎನ್ನ ಎಡಗಾಲು ಎಂತಕ್ಕೂ ಆಗ್ತಿಲ್ಲೆ ಹೇಳಿ ನಿನ್ನ ಹತ್ರ ಕೇಳಿ ತಿಳ್ಕಳಕ್ಕಾ?” ಎಂದೆ.

ಜಗುಲಿಯಲ್ಲಿ ಕೂತಿದ್ದ ಹಿರಿಯರು ಕೆಮ್ಮಿದರು. ನಮ್ಮನ್ನು ಹೆತ್ತ ಆಯಿ ಒಳಗಿನಿಂದ ಬಂದು, “ಕಾರು ಕೂಸಿಂಗೇ ಇರ್ಲಿ. ಶೆಡ್ಡಿನಲ್ಲಿ ಕೋಳಿ ಸಾಕ್ತೋ, ಕಾರು ಇಟ್ಕತ್ತೋ, ಅವಳಿಷ್ಟ” ಎಂದು ಹೇಳಿ ಒಳಗೆ ಹೋದಳು. ಅಲ್ಲಿಗೆ ಪಾಲು ಮುಗಿಯಿತು.

ಪೋಲಿಯೋ ಬಂದಾಗ ನಾನಿನ್ನೂ ಮಾತು ಕಲಿಯುತ್ತಿದ್ದ ಮಗು. ಎಡಗಾಲು ಅಲ್ಲಿಗೆ ಸೊರಗಿ ನಿಂತಿತು. ಮೊಣಕಾಲ ಮೇಲೆ ಅಂಗೈ ಊರಿಕೊಂಡು ನಡೆಯುವುದನ್ನು ರೂಢಿ ಮಾಡಿಕೊಂಡೆ, ಓದಿದೆ, ಹೆಗ್ಗರಣೆ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಹಿಡಿದೆ. ಊರಲ್ಲಿ ಎಲ್ಲರಿಗೂ ನಾನು ಅಕ್ಕೋರು. ಆದರೆ ಬಸ್ ಸ್ಟ್ಯಾಂಡಿನಲ್ಲಿ ಮಾತ್ರ ನಾನು ಒಂದು ಸಾಮಾನು. ಬಸ್ಸಿನ ಮೊದಲ ಮೆಟ್ಟಿಲು ನನ್ನ ಮೊಣಕಾಲಿಗಿಂತ ಎತ್ತರ. ಕಂಬಿ ಹಿಡಿದು ಹತ್ತಲು ನನಗೆ ಸ್ವಲ್ಪ ಹೊತ್ತು ಬೇಕು, ಅಷ್ಟೆ. ಆ ಸ್ವಲ್ಪ ಹೊತ್ತನ್ನು ಯಾರೂ ಕೊಡುತ್ತಿರಲಿಲ್ಲ. “ಪಾಪ, ಹಿಡ್ಕಳ್ರೋ, ಎತ್ರೋ” ಎಂದು ಯಾರೋ ಕೂಗುವರು, ಗುರುತಿಲ್ಲದ ಗಂಡಸರು ಕಂಕುಳಿಗೆ ಕೈ ಹಾಕಿ ಎತ್ತಿ ಒಳಗಿಡುವರು. ಬೇಡ ಎಂದರೆ ಕೊಬ್ಬು ಎನ್ನುವರು. ನನಗೆ ಕಾರು ಬೇಕಾದದ್ದು ಇದಕ್ಕೆ. ಶೋಕಿಗಲ್ಲ.

ಓಡಿಸುವುದು ನನಗೆ ಹೊಸದೂ ಅಲ್ಲ. ಸಣ್ಣವಳಿದ್ದಾಗ ಬಾಡಿಗೆ ಇಲ್ಲದ ದಿನ ಅಪ್ಪಯ್ಯ ನನ್ನನ್ನು ಮುಂದಿನ ಸೀಟಿನಲ್ಲಿ ತನಗೆ ಒತ್ತಿ ಕೂರಿಸಿಕೊಳ್ಳುತ್ತಿದ್ದ. ಕ್ಲಚ್ಚು ತಾನು ಒತ್ತಿ, “ಹಾಕು” ಎನ್ನುತ್ತಿದ್ದ. ನಾನು ಗೇರು ಹಾಕುತ್ತಿದ್ದೆ. ಬೆಳೆದ ಮೇಲೆ ಸ್ಟೇರಿಂಗನ್ನೂ ಕೊಟ್ಟ. ಎಂಜಿನ್ನಿನ ದನಿ ಕೇಳಿ ಯಾವ ಗೇರು ಬೇಕೆಂದು ನನಗೆ ಅಣ್ಣನಿಗಿಂತ ಚೆನ್ನಾಗಿ ಗೊತ್ತಾಗುತ್ತಿತ್ತು. ಬಾರದೆ ಉಳಿದಿದ್ದು ಕ್ಲಚ್ಚು ಒಂದೇ.

ಮೊದಲು ಸುಲಭದ ದಾರಿ ಹಿಡಿದೆ. ಸಿದ್ದಾಪುರದ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಕಬ್ಬಿಣದ ಸರಳು ಬಗ್ಗಿಸಿ, ಒಂದು ತುದಿಯನ್ನು ಕ್ಲಚ್ ಪೆಡಲಿಗೆ ಬಿಗಿಸಿ, ಇನ್ನೊಂದು ತುದಿ ನನ್ನ ಎಡಗೈಗೆ ಸಿಗುವಂತೆ ಮಾಡಿಸಿದೆ. ಸರಳನ್ನು ಮುಂದಕ್ಕೆ ನೂಕಿದರೆ ಕ್ಲಚ್ಚು ಒತ್ತುತ್ತಿತ್ತು. ತೊಡಕು ಬಂದದ್ದು ಆಮೇಲೆ. ಎಡಗೈ ಸರಳಿನ ಮೇಲೆ ಸಿಕ್ಕಿಕೊಂಡರೆ ಗೇರು ಹಾಕುವುದು ಯಾವ ಕೈಯಲ್ಲಿ? ಬಲಗೈಯನ್ನು ಸ್ಟೇರಿಂಗಿನಾಚೆ ಚಾಚಿ ಗೇರು ಹಾಕಹೋದೆ. ಸ್ಟೇರಿಂಗು ತನ್ನಿಷ್ಟಕ್ಕೆ ತಿರುಗಿತು, ಎಡಗೈ ಜಾರಿತು, ಕಾರು ಜಿಗಿದು ಪಕ್ಕದ ಮನೆಯವರ ಕಟ್ಟಿಗೆ ರಾಶಿಗೆ ಮುಖ ಹಾಕಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಬಂಪರು ಸೊಟ್ಟಗಾಯಿತು. ಕೇರಿಯವರೆಲ್ಲ ಬಂದು ನೋಡಿಹೋದರು.

ಸುದ್ದಿ ಮುಟ್ಟಿದ ಕೂಡಲೇ ಅಣ್ಣ ಮೊದಲ ಬಸ್ಸಿಗೆ ಬಂದಿಳಿದ. ಅಂಗಳದಲ್ಲಿ ನಿಂತೇ ಬೈದ. “ಜನ ನಗ್ತ. ಯಾರಾದ್ರೂ ಅಡಿಗೆ ಬಿದ್ದಿದ್ರೆ? ಇವತ್ತೇ ಮಾರ್ಬಿಡು.”

ಎರಡನೆಯ ಮಾತು ಸರಿಯಾಗಿತ್ತು. ಯಾರಾದರೂ ಅಡಿಗೆ ಬಿದ್ದಿದ್ದರೆ ನಾನೇ ನನ್ನನ್ನು ಕ್ಷಮಿಸುತ್ತಿರಲಿಲ್ಲ. ಮೊದಲನೆಯ ಮಾತಿಗೆ ಮಾತ್ರ ನಾನು ಸೊಪ್ಪು ಹಾಕಲಿಲ್ಲ. “ಸರಿಯಾಗಿ ಮಾಡದೆ ಇನ್ನು ರಸ್ತೆಗಿಳಿಸ್ತಿಲ್ಲೆ. ಆದ್ರೆ ಮಾರೂದೂ ಇಲ್ಲೆ” ಎಂದೆ. ಅವನು ಕಾಫಿ ಕುಡಿಯದೆ ಹೊರಟುಹೋದ.

ಬಂಪರು ನೆಟ್ಟಗೆ ಮಾಡಿಸಲು ಶಿರಸಿಯ ಒಂದು ಗ್ಯಾರೇಜಿಗೆ ಕೊಟ್ಟಿದ್ದೆ. ಅದನ್ನು ತರಲು ಹೋದಾಗ, ಮರಕ್ಕೆ ಗುದ್ದಿ ನುಜ್ಜಾದ ಒಂದು ವ್ಯಾನನ್ನು ಮೇಸ್ತ್ರಿ ಬಿಚ್ಚುತ್ತಿದ್ದ. ಹಾವೇರಿ ಕಡೆಯಿಂದ ಬಂದು ನೆಲೆಸಿದವನು. ಅವನ ಮುಂದೆ ದುಂಡಗಿನ, ದಪ್ಪ ತಗಡಿನ ಡಬ್ಬಿಯೊಂದು ಬಿದ್ದಿತ್ತು.

“ಇದೇನು?” ಎಂದೆ.

“ಬೂಸ್ಟರ್ ರೀ. ಎಂಜಿನ್ ಗಾಳಿ ಎಳಕೊಂತದಲ್ಲ, ಆ ಎಳೆತಾನೇ ಇದರಾಗ ಬಂದು ಬ್ರೇಕ್ ಒತ್ತಾಕ ಜೋರು ಕೊಡತದ. ಕಾಲು ಮೆತ್ತಗ ಇಟ್ರೂ ಸಾಕು.”

ಆ ವಾರವಷ್ಟೇ ತರಗತಿಯಲ್ಲಿ ಖಾಲಿ ಎಣ್ಣೆ ಡಬ್ಬಿಗೆ ನೀರು ಹಾಕಿ ಕುದಿಸಿ, ಮುಚ್ಚಳ ಬಿಗಿದು, ಮೇಲೆ ತಣ್ಣೀರು ಸುರಿದಿದ್ದೆ. ಒಳಗೆ ಗಾಳಿ ಇಲ್ಲದ ಡಬ್ಬಿಯನ್ನು ಹೊರಗಿನ ಗಾಳಿ ಹಿಂಡಿ ಮುದ್ದೆ ಮಾಡಿತ್ತು. ಡಬ್ಬಿಯನ್ನು ಮುದ್ದೆ ಮಾಡುವ ಗಾಳಿ ಕ್ಲಚ್ಚು ಒತ್ತಲಾರದೆ?

“ಇದನ್ನು ಕ್ಲಚ್ಚಿಗೆ ಹಾಕಬಹುದಲ್ಲ?”

ಮೇಸ್ತ್ರಿ ಕೈ ಒರೆಸಿಕೊಂಡು ನನ್ನನ್ನೇ ನೋಡಿದ. “ಮೇಡಂ, ಬ್ರೇಕಿಂದು ಕ್ಲಚ್ಚಿಗೆ ಹಚ್ಚತೀರೇನು? ಆಗೂದಿಲ್ಲ ಬಿಡ್ರಿ.”

“ಯಾಕೆ ಆಗೂದಿಲ್ಲ?”

“ಯಾರೂ ಮಾಡಿಲ್ಲ.”

“ಅದು ಕಾರಣ ಅಲ್ಲ” ಎಂದೆ. ಕೊಳವೆ ಎಲ್ಲಿ ಬರಬೇಕು, ಡಬ್ಬಿ ಯಾವ ಕಡೆಗೆ ಎಳೆಯಬೇಕು ಎಂದು ಅವನ ಗ್ಯಾರೇಜಿನ ನೆಲದ ಮೇಲೇ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಅವನು ಒಪ್ಪಲಿಲ್ಲ. ಆದರೆ ಭಾನುವಾರ ಸಿದ್ದಾಪುರಕ್ಕೆ ಬಂದು ಕೂರಿಸಿ ಕೊಡುತ್ತೇನೆಂದ. “ಆಗೂದಿಲ್ಲ ಅಂತ ನಿಮಗ ತೋರಿಸಾಕರೆ ಬರ್ತೀನಿ.”

ಹಾಗೆ ಶುರುವಾದ ಕೆಲಸ ಹಲವು ಭಾನುವಾರ ನಡೆಯಿತು. ವ್ಯಾನಿನ ಬೂಸ್ಟರನ್ನು ಬಾನೆಟ್ಟಿನ ಕೆಳಗೆ ಅಡ್ಡಪಟ್ಟಿ ಕೊಟ್ಟು ಬಿಗಿದೆವು. ಅದರ ದಂಡ ಕ್ಲಚ್ಚನ್ನು ಎಳೆಯುವಂತೆ ಜೋಡಿಸಿದೆವು. ಎಡಗೈಯ ತೊಡಕಿಗೆ ಉತ್ತರ ಸಿಕ್ಕಿದ್ದು ಪೋಸ್ಟಾಫೀಸಿನ ಎದುರು ನಿಂತಿದ್ದ ಒಂದು ಸ್ಕೂಟರಿನಲ್ಲಿ. ಸ್ಕೂಟರಿನವರು ಕ್ಲಚ್ಚು ಹಿಡಿಯುವುದೂ ಗೇರು ತಿರುಗಿಸುವುದೂ ಅದೇ ಎಡಗೈಯಲ್ಲಲ್ಲವೆ? ಗುಜರಿ ಸ್ಕೂಟರಿನ ಕ್ಲಚ್ ಹಿಡಿಕೆ ತಂದು ಗೇರಿನ ಕೋಲಿಗೇ ಕಟ್ಟಿದೆ. ಕೋಲು ಹಿಡಿದು ಬೆರಳು ಒತ್ತಿದರೆ ಕ್ಲಚ್ಚು, ಹಾಗೇ ಸರಿಸಿದರೆ ಗೇರು.

ಹಿಡಿಕೆಗೂ ಬೂಸ್ಟರಿಗೂ ನಡುವೆ ಗಾಳಿಯನ್ನು ಬಿಡುವ, ತಡೆಯುವ ಪುಟ್ಟ ವಾಲ್ವೊಂದು ಬೇಕಿತ್ತು. ಅದು ಇದ್ದದ್ದು ಅಣ್ಣನ ಅಂಗಡಿಯಲ್ಲಿ. ಅವನನ್ನು ಕೇಳುವುದಕ್ಕಿಂತ ಕಾರನ್ನೇ ಹೂಳುವುದು ಮೇಲು ಎಂದುಕೊಂಡೆ. ಹಾಗಾಗಿ ಅಣ್ಣ ಊಟಕ್ಕೆ ಹೋಗಿ ಅತ್ತಿಗೆ ಗಲ್ಲೆಯಲ್ಲಿ ಕೂರುವ ಹೊತ್ತು ನೋಡಿ ಫೋನು ಮಾಡಿದೆ. ಎಂತಕ್ಕೆ ಬೇಕೆಂದು ವಿವರಿಸಿದೆ. ಅತ್ತಿಗೆ ಪೂರ್ತಿ ಕೇಳಿಸಿಕೊಂಡು, “ದೊಡ್ಡದಾ, ಸಣ್ಣದಾ?” ಎಂದು ಮಾತ್ರ ಕೇಳಿದಳು. ಮರುದಿನ ಬಸ್ಸಿನಲ್ಲಿ ಒಂದು ಪೊಟ್ಟಣ ಬಂತು. ಹಿತ್ತಾಳೆಯ ವಾಲ್ವು ದೊಡ್ಡದೂ ಇತ್ತು, ಸಣ್ಣದೂ ಇತ್ತು. ಕೊಳವೆ ಬಿಗಿಯುವ ಬಳೆಗಳನ್ನು ನಾನು ಕೇಳಿಯೇ ಇರಲಿಲ್ಲ, ಅವೂ ಇದ್ದವು. ಅಣ್ಣನಿಗೆ ಹೇಳಬೇಡವೆಂದು ಅವಳು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಎಲ್ಲ ಜೋಡಿಸಿ ಎಂಜಿನ್ ಚಾಲೂ ಮಾಡಿ ಹಿಡಿಕೆ ಒತ್ತಿದೆ. ಕಾಲಿನ ಬಳಿಯ ಕ್ಲಚ್ ಪೆಡಲು ಯಾರೂ ಮುಟ್ಟದೆ ತಾನಾಗಿ ಕೆಳಕ್ಕೆ ಹೋಯಿತು. ಆಯಿ ಬಾಗಿ ನೋಡುತ್ತಿದ್ದವಳು ಹಿಂದೆ ಸರಿದಳು. ಮೇಸ್ತ್ರಿ ಬೀಡಿ ಹಚ್ಚಿದ.

ಆದರೆ ಗೇರು ಹಾಕಿ ಹಿಡಿಕೆ ಬಿಟ್ಟ ಕೂಡಲೇ ಪೆಡಲು ಧಡಕ್ಕನೆ ಮೇಲಕ್ಕೆ ಹಾರಿತು. ಕಾರು ಒದ್ದ ಹಾಗೆ ಮುಂದೆ ಜಿಗಿದು ಆಫಾಯಿತು. ಬೆರಳನ್ನು ಎಷ್ಟು ನಿಧಾನ ಸಡಿಲಿಸಿದರೂ ಅಷ್ಟೇ. “ನಾ ಹೇಳಿರಲಿಲ್ಲೇನ್ರಿ?” ಎಂದ ಮೇಸ್ತ್ರಿ. ಅವನ ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ. ಅವನಿಗೂ ಅಷ್ಟು ಹೊತ್ತಿಗೆ ಅದು ಆಗಬೇಕು ಅನ್ನಿಸತೊಡಗಿತ್ತು.

ಗಾಳಿ ಒಮ್ಮೆಲೇ ಒಳನುಗ್ಗುತ್ತಿದೆ, ಅದು ಸಣ್ಣ ತೂತಿನಿಂದ ಮೆಲ್ಲಗೆ ಹೋಗಬೇಕು. ಇಷ್ಟು ನನಗೆ ತಿಳಿಯಿತು. ಅಷ್ಟು ಸಣ್ಣ ತೂತು ಕೊರೆಯುವ ಸೂಜಿ ಮೇಸ್ತ್ರಿಯ ಹತ್ತಿರ ಇರಲಿಲ್ಲ. ಆಯಿಗೆ ತೊಡಕೇನೆಂದು ಹೇಳಿದೆ. ಅವಳು ಒಳಗೆ ಹೋಗಿ ಸೀಮೆಎಣ್ಣೆ ಸ್ಟೌವಿನ ನಿಪ್ಪಲ್ ಬಿಚ್ಚಿ ತಂದು ನನ್ನ ಕೈಗಿಟ್ಟಳು.

“ಇದರಷ್ಟು ಸಣ್ಣ ತೂತು ಈ ಮನೇಲಿ ಮತ್ತೊಂದಿಲ್ಲೆ. ಕಸ ಸಿಕ್ಕಿದ್ರೆ ಪಿನ್ನೂ ಇದ್ದು.”

ಆ ನಿಪ್ಪಲನ್ನು ಗಾಳಿ ಒಳಬರುವ ಬಾಯಿಗೆ ಕೂರಿಸಿದೆವು. ಹಿಡಿಕೆ ಒತ್ತಿದೆ, ಗೇರು ಹಾಕಿದೆ, ಬಿಟ್ಟೆ. ಸಣ್ಣಗೆ ಸುಯ್ ಎಂಬ ಸದ್ದು. ಪೆಡಲು ಮೆಲ್ಲಗೆ, ಅಪ್ಪಯ್ಯನ ಕಾಲು ಬಿಡುತ್ತಿದ್ದಷ್ಟೇ ಹದವಾಗಿ, ಮೇಲೆದ್ದಿತು. ಕಾರು ಕದಲಿತು. ಅಂಗಳ ದಾಟಿ, ಕಟ್ಟಿಗೆ ರಾಶಿ ದಾಟಿ, ಕೇರಿಯ ತುದಿಯವರೆಗೆ ಹೋಗಿ ತಿರುಗಿಸಿಕೊಂಡು ಬಂದೆ. ಯಾರೂ ಎತ್ತಿ ಕೂರಿಸದೆ, ಯಾರೂ ಹಿಡಿದುಕೊಳ್ಳದೆ. ಗಟ್ಟಿಯಾಗಿ ಕೂಗಬೇಕು ಅನ್ನಿಸಿತು. ಕೂಗಿದೆ ಕೂಡ. ಹೆಂಗಸರು ಕಿಟಕಿಯಿಂದ ಇಣುಕಿದರು.

ಆ ಸಂಜೆ ಆಯಿ ಸೌದೆ ಒಲೆಯಲ್ಲಿ ಚಹಾ ಮಾಡಿದಳು.

ಕೇರಿಯವರು ಅದಕ್ಕೆ ಹೈಬ್ರಿಡ್ ಕಾರು ಎಂದು ಹೆಸರಿಟ್ಟರು. ಹೈಬ್ರಿಡ್ ಎಂದರೆ ಆಗ ನಮ್ಮ ಕಡೆ ಮೆಣಸಿನ ಬೀಜ, ತೆಂಗಿನ ಸಸಿ, ಹಾಲು ಜಾಸ್ತಿ ಕೊಡುವ ಮಿಶ್ರತಳಿಯ ಆಕಳು. ವ್ಯಾನಿನ ಡಬ್ಬಿ, ಸ್ಕೂಟರಿನ ಹಿಡಿಕೆ, ಸ್ಟೌವಿನ ನಿಪ್ಪಲ್ ಸೇರಿದ ಕಾರಿಗೆ ಬೇರೆ ಯಾವ ಹೆಸರು ಇಟ್ಟಾರು? ಗೇಲಿಗೆ ಇಟ್ಟದ್ದು. ನಾನು ಪೇಂಟರನ್ನು ಕರೆಸಿ ಹಿಂದಿನ ಗಾಜಿನ ಮೇಲೆ ದಪ್ಪಕ್ಷರದಲ್ಲಿ ‘ಹೈಬ್ರಿಡ್’ ಎಂದು ಬರೆಸಿದೆ. ಆಮೇಲೆ ಗೇಲಿ ಮಾಡುವವರಿಗೆ ಮಾಡಲು ಏನೂ ಉಳಿಯಲಿಲ್ಲ.

ಲೈಸೆನ್ಸಿನ ಪರೀಕ್ಷೆಗೆ ಬಂದ ಅಧಿಕಾರಿ ಕಾರಿನ ಸುತ್ತ ಒಂದು ಸುತ್ತು ಬಂದರು. ಬಾನೆಟ್ಟು ಎತ್ತಿ ನೋಡಿದರು. ನನ್ನ ಕಾಲನ್ನೂ ನೋಡಿದರು. ನೋಡಿದ್ದು ಕಾಣದಿರಲೆಂದು ಆಕಾಶ ನೋಡಿದರು.

“ಅಲ್ರೀ ಮೇಡಂ, ಮನಿಯಾಗ ಯಾರೂ ಗಂಡಸರು ಇಲ್ಲೇನು? ಒಬ್ಬ ಡ್ರೈವರ್ ಇಟ್ಕೋಬಹುದಿತ್ತಲ್ಲ.”

“ಇಟ್ಟುಕೊಳ್ಳಬಹುದು. ಬೇಡ.”

“ಇದು ಏರಿನಾಗ ನಿಂತು ಹೊಂಟರ ಹಿಂದಕ್ಕ ಜಾರತದ. ಜನ ಸಾಯ್ತಾರ.”

“ಏರಿನಲ್ಲೇ ನೋಡಿ.”

ಅವರು ತಾವೇ ಓಡಿಸಿ ನೋಡುತ್ತೇನೆಂದು ಸೀಟಿನಲ್ಲಿ ಕೂತರು. ಅದು ಅವರ ಹಕ್ಕು, ನಾನು ಬೇಡವೆನ್ನಲಿಲ್ಲ. ಹಿಡಿಕೆ ಹೇಗೆಂದು ವಿವರಿಸಿದೆ. ಆದರೆ ವರ್ಷಗಟ್ಟಲೆ ಪಳಗಿದ ಅವರ ಎಡಗಾಲು ಸುಮ್ಮನಿರಲು ಒಪ್ಪಲಿಲ್ಲ. ಕೈ ಒತ್ತುವಾಗ ಕಾಲೂ ಒತ್ತುತ್ತಿತ್ತು, ಕೈ ಬಿಡುವಾಗ ಕಾಲು ಹಿಡಿದಿರುತ್ತಿತ್ತು. ಕಾರು ಕೆಮ್ಮಿ ನಿಂತಿತು. ಮತ್ತೆ ಹೊರಡಿಸಿದರು, ಮತ್ತೆ ನಿಂತಿತು. ಪರೀಕ್ಷೆಗೆ ಬಂದಿದ್ದ ಬೇರೆಯವರು ಮುಖ ತಿರುಗಿಸಿ ನಗತೊಡಗಿದರು. ಅವರು ಇಳಿದು, ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡು, “ಹತ್ರಿ” ಎಂದರು.

ಏರಿನ ನಡುವೆ ನಿಲ್ಲಿಸಲು ಹೇಳಿದರು. ನಿಲ್ಲಿಸಿದೆ. ಇದನ್ನು ನಾನು ಮನೆಯ ಹಿಂದಿನ ಏರಿನಲ್ಲಿ ಬೇಸರ ಬರುವವರೆಗೆ ಮಾಡಿದ್ದೆ. ಬಲಗಾಲು ಬ್ರೇಕಿನ ಮೇಲೆ. ಎಂಜಿನ್ ಜೋರಾಗಲು ಡ್ಯಾಶ್‌ಬೋರ್ಡಿನ ಮೇಲಿದ್ದ ಪೆಟ್ರೋಲ್ ಗುಂಡಿಯನ್ನು ಬಲಗೈಯಲ್ಲಿ ಎಳೆದೆ. ಹಿಡಿಕೆ ಬಿಟ್ಟೆ. ನಿಪ್ಪಲ್ ಸುಯ್ ಎಂದಿತು. ಎಂಜಿನ್ನಿನ ದನಿ ತಗ್ಗಿ ಕಾರು ಮೈ ನಡುಗಿಸಿದ ಕ್ಷಣಕ್ಕೆ ಬ್ರೇಕ್ ಬಿಟ್ಟೆ. ಕಾರು ಒಂದು ಗೇಣೂ ಹಿಂದೆ ಸರಿಯದೆ ಏರು ಹತ್ತಿತು.

ಮೇಲೆ ಹೋಗಿ ನಿಂತ ಮೇಲೆ ಅವರು ಕಾಗದದಲ್ಲಿ ಗುರುತು ಹಾಕಿದರು. “ಆತು. ಆದ್ರ ಒಬ್ಬರ ಹೋಗಬ್ಯಾಡ್ರಿ, ಜೋಡಿ ಯಾರನ್ನಾದ್ರೂ ಕರಕೊಂಡು ಹೋಗ್ರಿ.”

“ಪರೀಕ್ಷೆಗೆ ಬಂದವರೆಲ್ಲರಿಗೂ ಹಾಗೇ ಹೇಳುತ್ತೀರಾ?”

ಅವರು ಮೊದಲ ಬಾರಿ ನಕ್ಕರು. “ಇಲ್ಲ.”

“ಹಾಗಾದರೆ ನನಗೂ ಹೇಳಬೇಡಿ.”

ಬದಲಾವಣೆಗೆ ಮೇಲಿನವರ ಒಪ್ಪಿಗೆ ಬರಲು ಬಹಳ ದಿನ ಹಿಡಿಯಿತು. ಎಷ್ಟೋ ಸಲ ಓಡಾಡಿದೆ, ಎಷ್ಟೋ ಬಾಗಿಲಲ್ಲಿ ನಿಂತೆ. ಬಂತು. ಅದು ಬಂದ ದಿನದಿಂದ ನಾನು ಶಾಲೆಗೆ ಕಾರಿನಲ್ಲಿ ಹೋದೆ. ಬಸ್ ಸ್ಟ್ಯಾಂಡಿನ ಮುಂದೆ ಹಾದುಹೋಗುವಾಗ ಬೇಕೆಂದೇ ಹಾರ್ನ್ ಹೊಡೆಯುತ್ತಿದ್ದೆ. ಅದರಲ್ಲಿ ದೊಡ್ಡಸ್ತಿಕೆ ಇತ್ತು, ಇರಲಿ.

ಕಾರನ್ನು ಅಲ್ಲಿಗೇ ಬಿಡಲಿಲ್ಲ. ಪ್ರತಿ ಬೇಸಿಗೆ ರಜೆಗೆ ಏನಾದರೊಂದು ಮಾಡುತ್ತಿದ್ದೆ. ಮಂಜಿಗೆ ಹೊಂದುವ ಹಳದಿ ದೀಪ, ಸೊಂಟಕ್ಕೆ ಆತುಕೊಳ್ಳುವ ವ್ಯಾನಿನ ಸೀಟು, ಇಳಿಯುವಾಗ ಹಿಡಿದುಕೊಳ್ಳಲು ಬಾಗಿಲ ಮೇಲೊಂದು ಕಂಬಿ. ಒಂದು ಸಲ ಎಂಜಿನ್ ಇಳಿಸಿ ಪಿಸ್ಟನ್ ರಿಂಗು ಬದಲಿಸಿದೆವು. ಮೇಸ್ತ್ರಿ ತನ್ನ ಗ್ಯಾರೇಜಿಗೆ ಬಂದವರಿಗೆಲ್ಲ ಈ ಕಾರಿನ ಕತೆ ಹೇಳುತ್ತಿದ್ದನಂತೆ. ಆ ಕತೆಯಲ್ಲಿ ‘ಆಗೂದಿಲ್ಲ’ ಎಂದವನು ಬೇರೆ ಯಾವನೋ ಆಗಿರುತ್ತಿದ್ದ. ಮುಂದೆ, ಪೆಟ್ರೋಲಿಗೂ ಕರೆಂಟಿಗೂ ಓಡುವ ನಿಜವಾದ ಹೈಬ್ರಿಡ್ ಕಾರುಗಳ ಚಿತ್ರ ಪತ್ರಿಕೆಯಲ್ಲಿ ಬಂದಾಗ ಮಕ್ಕಳು ಅದನ್ನು ಕತ್ತರಿಸಿ ತಂದು, “ಅಕ್ಕೋರೆ, ನಿಮ್ಮದನ್ನ ನೋಡೇ ಮಾಡಿದ್ದು” ಎಂದು ಮೇಜಿನ ಮೇಲಿಟ್ಟರು. ನಾನು ಇಲ್ಲವೆನ್ನಲಿಲ್ಲ.

ಅಣ್ಣ ಮಾತ್ರ ಕಾರು ಹತ್ತಿರಲಿಲ್ಲ. ನಮ್ಮ ಮನೆಗೆ ಬಂದರೂ ಬಸ್ಸಿನಲ್ಲಿ ಬಂದು ಬಸ್ಸಿನಲ್ಲೇ ಹೋಗುವನು. ಒಂದು ರಜೆಯಲ್ಲಿ ನಾನೂ ಆಯಿಯೂ ಹೇಳದೆ ಕೇಳದೆ ಯಲ್ಲಾಪುರಕ್ಕೇ ಹೋದೆವು. ಅಂಗಡಿಯ ಎದುರು ನಿಲ್ಲಿಸಿದೆ. ಅಣ್ಣ ಹೊರಗೆ ಬಂದು, ಆಯಿಯ ಬ್ಯಾಗು ಇಳಿಸಿ, ಅದನ್ನು ಒಂದು ಕೈಯಲ್ಲಿ ಹಿಡಿದೇ ಬಾನೆಟ್ಟು ಎತ್ತಿದ. ಬಹಳ ಹೊತ್ತು ಬಾಗಿ ನೋಡಿದ. ಆಮೇಲೆ ಹಿತ್ತಾಳೆ ವಾಲ್ವಿನ ಮೇಲೆ ಬೆರಳಿಟ್ಟ.

“ಇದು ಎಮ್ಮ ಅಂಗಡಿದು ಅಲ್ದಾ?”

ನಾನು ಬಾಯಿ ತೆರೆಯುವುದರೊಳಗೆ ಅತ್ತಿಗೆ ಗಲ್ಲೆಯಿಂದಲೇ ತನ್ನ ಎದೆ ಮುಟ್ಟಿಕೊಂಡು ಹೇಳಿದಳು. “ಹೌದು. ಆನೇ ಕಳ್ಸಿದ್ದು. ನಿಂಗ ಕೊಡ್ತಿದ್ರಿಲ್ಲೆ ಹೇಳಿ ಗೊತ್ತಿತ್ತು.”

ಅಣ್ಣ ಬಾನೆಟ್ಟು ಮುಚ್ಚಿದ. ಅತ್ತಿಗೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ಸೆರಗು ಕೊಡವಿಕೊಂಡು ಎದ್ದು ಬಂದು ಕಾರಿನ ಮುಂದಿನ ಬಾಗಿಲು ತೆಗೆದಳು. “ಮದುವೆಯಾಗಿ ಈ ಊರಿಗೆ ಬಂದಾಗಿಂದ ಮಾಗೋಡು ಜಲಪಾತ ನೋಡವು ಹೇಳಿ ಆಸೆ ಇದ್ದು. ಇಷ್ಟು ಹತ್ರ ಇದ್ದೂ ಒಂದು ದಿನ ಕರ್ಕಂಡು ಹೋದವಿಲ್ಲೆ. ನಡಿ ತಂಗಿ, ಹೋಗಿ ಬಪ್ಪ. ಅಂಗಡಿ ನಿನ್ನಣ್ಣ ನೋಡ್ಕತ್ತ.”

ಆಯಿ ಇಳಿದಿದ್ದವಳು ಮತ್ತೆ ಹತ್ತಿದಳು. ಹೊರಟೆವು. ಕನ್ನಡಿಯಲ್ಲಿ ಅಣ್ಣ ಕೈಯಲ್ಲಿ ಬ್ಯಾಗು ಹಿಡಿದುಕೊಂಡೇ ನಿಂತಿದ್ದ.

ಮಾಗೋಡಿನಲ್ಲಿ ಬೇಡ್ತಿ ಹೊಳೆ ಕಣಿವೆಗೆ ಬೀಳುವುದನ್ನು ಅತ್ತಿಗೆ ಕಂಬಿ ಹಿಡಿದು ನಿಂತು ನೋಡಿದಳು. ಸಾಕೇ ಎಂದು ಕೇಳಿದರೆ, “ತಡಿ” ಎಂದಳು. ಕಾರಿನಲ್ಲೇ ಉಳಿದಿದ್ದ ಆಯಿಯ ಚಕ್ಕುಲಿ ಮುಗಿಯುವವರೆಗೂ ನಿಂತಿದ್ದೆವು.

ವಾಪಸು ಬರುವಾಗ ಕಾಡಿನ ನಡುವಿನ ಕಿರಿದಾದ ಏರಿನಲ್ಲಿ ಎದುರಿಗೆ ಟೆಂಪೋ ಒಂದು ಇಳಿದು ಬಂತು. ಏರು ಹತ್ತುತ್ತಿದ್ದವಳು ನಾನು, ದಾರಿ ಬಿಡಬೇಕಾದವನು ಅವನು, ಅವನ ಬೆನ್ನಿಗೇ ಸರಿದು ನಿಲ್ಲಲು ಜಾಗವೂ ಇತ್ತು. ಅವನು ಹೆಂಗಸನ್ನು ಕಂಡು, ಹಿಂದೆ ಹೋಗು ಎಂಬಂತೆ ಕೈ ಬೀಸಿದ. ನಾನು ಎಂಜಿನ್ ಆಫ್ ಮಾಡಿ ಹ್ಯಾಂಡ್ ಬ್ರೇಕ್ ಎಳೆದೆ. ಅವನು ಹಾರ್ನ್ ಹೊಡೆದ. ಅತ್ತಿಗೆ ಕಿಟಕಿಯಿಂದ ತಲೆ ಹೊರಹಾಕಿ, “ಯಂಗ್ಳಿಗೆ ಅರ್ಜಂಟಿಲ್ಲೆ. ಸಂಜೆವರೆಗೂ ಕೂರ್ತ್ಯ” ಎಂದಳು. ಅವನಿಗೆ ಆ ಮಾತು ಎಷ್ಟು ತಿಳಿಯಿತೋ, ದನಿ ತಿಳಿಯಿತು. ಗೊಣಗುತ್ತಾ ಹಿಂದೆ ತೆಗೆದ.

ಮೇಲೆ ಬಂದ ಮೇಲೆ ರಸ್ತೆ ಪಕ್ಕ ಒಂದು ಬಯಲು ಸಿಕ್ಕಿತು. ಅತ್ತಿಗೆ ನಿಲ್ಲಿಸಲು ಹೇಳಿದಳು.

“ಇದ್ರಲ್ಲಿ ಕ್ಲಚ್ಚು ಕಾಲಲ್ಲಿ ಒತ್ತೂದು ಇಲ್ಲೆ ಅಲ್ದಾ? ಹಂಗಾದ್ರೆ ಕಲಿಯೂದು ಸುಲಭ. ನೀ ಆಚೆಗೆ ಸರಿ.”

ಅವಳನ್ನು ಸ್ಟೇರಿಂಗಿನ ಮುಂದೆ ಕೂರಿಸಿ, ಕೋಲು ಹಿಡಿಸಿ, ಬೆರಳು ಒತ್ತಿಸಿದೆ. ಕಾರು ಬಯಲಿನಲ್ಲಿ ಸೊಟ್ಟಸೊಟ್ಟಗೆ ಸುತ್ತು ಹೊಡೆಯಿತು. ಆಯಿ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದಳು, ನಡುವೆ ಕಣ್ಣು ಬಿಟ್ಟು “ಎಡಕ್ಕೆ, ಎಡಕ್ಕೆ” ಎನ್ನುತ್ತಿದ್ದಳು.

ಮರಳಿ ಅಂಗಡಿಗೆ ಬಂದಾಗ ಅಣ್ಣ ನಲ್ಲಿ ಕೊಳ್ಳಲು ಬಂದವರ ನಡುವೆ ಬೆವರುತ್ತಿದ್ದ. ಅತ್ತಿಗೆ ಇಳಿದವಳೇ ಅವನೆದುರು ನಿಂತು, ತಾನು ಕಾರು ಕಲಿಯುತ್ತೇನೆ, ಇನ್ನು ರಜೆ ಮುಗಿಯುವವರೆಗೆ ಬೆಳಿಗ್ಗೆ ಹೊತ್ತು ತಾನು ಸಿಗುವುದಿಲ್ಲ ಎಂದಳು.

“ಅಂಗಡಿಲಿ ಯಾರು ಕೂರೂದು?” ಎಂದ ಅಣ್ಣ.

“ನಿಂಗನೇ ಕೂರಿ” ಎಂದು ಹೇಳಿ, ಅತ್ತಿಗೆ ಅಂಗಡಿಯ ಹಿಂದಿನ ಅಡಿಗೆಮನೆಗೆ ಹೋಗಿ ನಮಗೆಲ್ಲ ಚಹಾಕ್ಕೆ ನೀರಿಟ್ಟಳು.